ಅಕ್ಕಡಿ ಸಾಲೂ ಅಂಗಡಿ ಪೊಟ್ಟಣವೂ



ಈ ಪುಟದಲ್ಲಿ ವಾರವಾರವೂ ಬೀಜ, ಗೊಬ್ಬರ, ಕೀಟ, ಧಾರಣೆಗಳ ಮಾತೇ ನಡೆಯುತ್ತದೆ. ಈ ವಾರ ಹೊಲದಿಂದ ಎದ್ದು ಅಡಿಗೆಮನೆಯವರೆಗೆ ಬರೋಣ. ಕೃಷಿಯ ಪುಟಕ್ಕೂ ಅಡಿಗೆಮನೆಗೂ ಏನು ಸಂಬಂಧವೆಂದು ಕೇಳುವವರು ಇರಬಹುದು. ಸಂಬಂಧ ಇದೆ. ನಮ್ಮ ಊಟ ಕೆಟ್ಟದ್ದು ಅಂಗಡಿಯಲ್ಲಿ ಮಾತ್ರವಲ್ಲ, ಮೊದಲು ಕೆಟ್ಟದ್ದು ಹೊಲದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಒಂದು ಲೆಕ್ಕ ನೋಡಿ. ಕೇಂದ್ರ ಸರ್ಕಾರ 2022–23ರಲ್ಲಿ ಮನೆಮನೆಯ ಖರ್ಚಿನ ಸಮೀಕ್ಷೆ ನಡೆಸಿತು. ಅದರ ಪ್ರಕಾರ ಹಳ್ಳಿಯ ಸಂಸಾರವೊಂದು 100 ರೂಪಾಯಿ ಖರ್ಚು ಮಾಡಿದರೆ ಅದರಲ್ಲಿ ಸುಮಾರು 46 ರೂಪಾಯಿ ಆಹಾರಕ್ಕೆ ಹೋಗುತ್ತದೆ. ಆ 46ರಲ್ಲಿ ಅಕ್ಕಿ, ಗೋಧಿ, ರಾಗಿ, ಜೋಳ ಮುಂತಾದ ಧಾನ್ಯಗಳ ಪಾಲು 5 ರೂಪಾಯಿ ಮಾತ್ರ. ಪಾನೀಯ, ತಿಂಡಿ, ಸಂಸ್ಕರಿಸಿದ ಆಹಾರ ಎಂಬ ಬಾಬಿನ ಪಾಲು ಒಂಬತ್ತೂವರೆ ರೂಪಾಯಿಗೂ ಹೆಚ್ಚು. ಹಾಲು, ತರಕಾರಿ ಯಾವುದೂ ಅಷ್ಟಿಲ್ಲ. 1999–2000ದಲ್ಲಿ ಇದೇ ಲೆಕ್ಕದಲ್ಲಿ ಧಾನ್ಯಕ್ಕೆ 22 ರೂಪಾಯಿ, ತಿಂಡಿ ಪಾನೀಯದ ಬಾಬಿಗೆ 4 ರೂಪಾಯಿ ಇತ್ತು. ಪಡಿತರದ ಅಕ್ಕಿ ಬಿಟ್ಟಿಯಾಗಿ ಸಿಗುವುದೂ ಇದಕ್ಕೆ ಒಂದು ಕಾರಣ, ಹೋಟೆಲಿನ ಚಹಾವೂ ಈ ಬಾಬಿನಲ್ಲೇ ಸೇರಿದೆ. ಇವೆರಡನ್ನೂ ಒಪ್ಪಿಕೊಂಡ ಮೇಲೂ ಲೆಕ್ಕ ಯಾವ ಕಡೆ ವಾಲುತ್ತಿದೆ ಎಂಬುದು ಸ್ಪಷ್ಟ. ಧಾನ್ಯ ಬೆಳೆಯುವವನ ಮನೆಯಲ್ಲೇ ಧಾನ್ಯದ ಎರಡರಷ್ಟು ಹಣ ತಿಂಡಿಗೂ ಪಾನೀಯಕ್ಕೂ ಹೋಗುತ್ತಿದೆ.

ಸಕ್ಕರೆ ಕಾಯಿಲೆ ಪೇಟೆಯವರದು, ಕುಳಿತು ಉಣ್ಣುವವರದು ಎಂದು ಹಳ್ಳಿಯಲ್ಲಿ ಹೇಳುತ್ತಿದ್ದರು. ಆ ಮಾತು ಈಗ ನಿಲ್ಲುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಎಲ್ಲ ರಾಜ್ಯಗಳಲ್ಲೂ ನಡೆದು 2023ರ ಜೂನ್ ತಿಂಗಳಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ನಗರದಲ್ಲಿ ನೂರಕ್ಕೆ 16ಕ್ಕೂ ಹೆಚ್ಚು, ಹಳ್ಳಿಯಲ್ಲಿ ನೂರಕ್ಕೆ ಸುಮಾರು 9. ಇಷ್ಟಾದರೆ ಹಳ್ಳಿ ಇನ್ನೂ ವಾಸಿ ಎನ್ನಬಹುದಾಗಿತ್ತು. ಆದರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಲೆಕ್ಕವನ್ನೂ ಅದೇ ಸಮೀಕ್ಷೆ ತೆಗೆದಿದೆ. ಅದು ನಗರದಲ್ಲಿ ನೂರಕ್ಕೆ 15.4, ಹಳ್ಳಿಯಲ್ಲಿ 15.2. ಅಂದರೆ ಹೊಸ್ತಿಲಲ್ಲಿ ಪೇಟೆಯವನೂ ಹಳ್ಳಿಯವನೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದಾರೆ. ರಕ್ತದೊತ್ತಡವಂತೂ ಮೂವರು ವಯಸ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದೆ.

ಇದರ ಜೊತೆಗೆ ಇನ್ನೊಂದು ಸಂಕಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂತು. ಒಂದೇ ಮನೆಯಲ್ಲಿ ಮಾವನಿಗೆ ಸಕ್ಕರೆ ಕಾಯಿಲೆ, ಸೊಸೆಗೆ ರಕ್ತಹೀನತೆ, ಮೊಮ್ಮಗುವಿಗೆ ಊಟವೇ ಸೇರದು. ಹೊಟ್ಟೆ ತುಂಬಿದ ಮೇಲೂ ಮೈಗೆ ಸಾಲದಾಗುವುದು ಹೀಗೆಯೇ.

ಈಗ ಹೊಲದ ಕಡೆ ತಿರುಗೋಣ. ನಮ್ಮ ತಂದೆ ತಾತಂದಿರು ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಕೂರಿಗೆ ಹೊಡೆಯುವಾಗಲೇ ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಲ್ಲಲ್ಲಿ ಜೋಳ, ಬದುವಿನ ಕಡೆ ಹರಳು. ರಾಗಿ ಕೊಯ್ದ ಮೇಲೂ ಅವರೆ, ತೊಗರಿ ಹೊಲದಲ್ಲೇ ನಿಂತು ಸಂಕ್ರಾಂತಿಯವರೆಗೆ ಮನೆಗೆ ಕಾಳು ಕೊಡುತ್ತಿದ್ದವು. ಹುಚ್ಚೆಳ್ಳು ಗಾಣಕ್ಕೆ ಹೋಗಿ ಎಣ್ಣೆಯಾಗಿ ಬರುತ್ತಿತ್ತು, ಹಿಂಡಿ ಎಮ್ಮೆಗೆ. ಹಿಂಗಾರಿಗೆ ಹುರುಳಿ. ಇದಲ್ಲದೆ ಬಿತ್ತದೆಯೇ ಬರುವ ಬೆಳೆಯೊಂದಿತ್ತು. ಅಣ್ಣೆ, ಕಿರಕಸಾಲೆ, ಗೋಣಿ, ಹೊನಗೊನ್ನೆ, ಕೀರೆ ಎಂದು ಹೆಂಗಸರು ಕಳೆ ತೆಗೆಯುವಾಗ ಮಡಿಲಿಗೆ ತುಂಬಿಕೊಂಡು ಬರುತ್ತಿದ್ದ ಬೆರಕೆ ಸೊಪ್ಪು. ರಾತ್ರಿ ಅದೇ ಬಸ್ಸಾರು, ಅದೇ ಪಲ್ಯ. ಉತ್ತರದ ಎರೆಭೂಮಿಯಲ್ಲೂ ರೀತಿ ಇದೇ, ಹೆಸರು ಬೇರೆ. ಬಿಳಿಜೋಳದ ನಡುವೆ ಕುಸುಬೆ, ಕಡಲೆ, ಅಗಸೆ. ರೊಟ್ಟಿಯ ಜೊತೆ ಗುರೆಳ್ಳು ಚಟ್ನಿ, ಹಕ್ಕರಕಿ, ಪುಂಡಿಪಲ್ಯ, ಹೆಸರುಕಾಳು.

ರಾಗಿ ಸೋಲಲಿಲ್ಲ ಎಂಬುದನ್ನು ಗಮನಿಸಿ. 1970ರ ದಶಕದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಎಕರೆಯ ಇಳುವರಿ ಏರಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಸೋತದ್ದು ರಾಗಿಯ ಸಂಗಾತಿಗಳು. ಕಟಾವಿನ ಯಂತ್ರ ಬಂದಾಗ ಅದಕ್ಕೆ ಒಂದೇ ಎತ್ತರದ, ಒಂದೇ ಸಲ ಮಾಗುವ ಪೈರು ಬೇಕಾಯಿತು. ಅವರೆ ಬಳ್ಳಿ ಅದಕ್ಕೆ ಅಡ್ಡ. ಕಳೆಗೆ ಆಳು ಸಿಗದೆ 2,4-ಡಿ ಎಂಬ ಕಳೆನಾಶಕ ಹೊಡೆಯಲು ಶುರುಮಾಡಿದೆವು. ಅದು ಹುಲ್ಲಿನ ಜಾತಿಯ ರಾಗಿಯನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಅವರೆ, ತೊಗರಿ, ಹುಚ್ಚೆಳ್ಳು ಅಗಲ ಎಲೆಯವೇ. ಅಣ್ಣೆ ಸೊಪ್ಪೂ ಅಗಲ ಎಲೆಯದೇ. ಒಂದು ಡಬ್ಬಿ ಔಷಧ ಹೊಲದ ಕಳೆಯ ಜೊತೆಗೆ ಮನೆಯ ಬೇಳೆ, ಎಣ್ಣೆ, ಸೊಪ್ಪು ಮೂರನ್ನೂ ತೆಗೆಯಿತು. ಕಳೆನಾಶಕ ಹೊಡೆದವನನ್ನು ನಾವು ದೂರುವುದಿಲ್ಲ. ಇಂದಿನ ಕೂಲಿಯ ದರದಲ್ಲಿ ಮೂರು ಸಲ ಕಳೆ ತೆಗೆಸಿದರೆ ರಾಗಿಯಲ್ಲಿ ಏನು ಉಳಿಯುತ್ತದೆಂದು ಬಲ್ಲವರೇ ಬಲ್ಲರು. ಆದರೆ ಹೋದದ್ದು ಏನೆಂಬ ಲೆಕ್ಕವಾದರೂ ಇರಬೇಕಲ್ಲವೆ?

ಹಾವೇರಿ, ದಾವಣಗೆರೆ ಕಡೆಯ ಕಥೆ ಇನ್ನೂ ವಿಚಿತ್ರ. ಅಲ್ಲಿ ಬಿಳಿಜೋಳ, ಕಾಳುಗಳು ಇದ್ದ ನೆಲಕ್ಕೆ ಗೋವಿನಜೋಳ ಬಂತು. ಬಹುಪಾಲು ಗೋವಿನಜೋಳವನ್ನು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಅದು ಕೋಳಿಯ ಆಹಾರಕ್ಕೆ ಹೋಗುತ್ತದೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಪಿಷ್ಟವಾಗಿ, ದ್ರವ ಗ್ಲೂಕೋಸ್ ಆಗಿ, ಬಿಸ್ಕತ್ತು ಪೆಪ್ಪರಮೆಂಟಿನೊಳಗೆ ಸೇರಿ ಅದೇ ಊರಿನ ಅಂಗಡಿಗೆ ಹಿಂದಿರುಗುತ್ತದೆ. ಬೆಳೆದವನೇ ಅದನ್ನು ಹಣ ಕೊಟ್ಟು ಕೊಳ್ಳುತ್ತಾನೆ.

ಎಣ್ಣೆಯ ಮಾತಂತೂ ಹೇಳಿ ತೀರದು. ಚಳ್ಳಕೆರೆಯನ್ನು ಎಣ್ಣೆಯ ಊರೆಂದೇ ಕರೆಯುತ್ತಿದ್ದರು. ಸುತ್ತಲ ಕಡಲೆಕಾಯಿಯೆಲ್ಲ ಅಲ್ಲಿಗೇ ಬರುತ್ತಿತ್ತು. ಆ ಗಿರಣಿಗಳಲ್ಲಿ ಹಲವು ಬಾಗಿಲು ಹಾಕಿವೆ. ಈಗ ದೇಶ ತಾನು ಬಳಸುವ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯ, ಮಲೇಷ್ಯಗಳ ತಾಳೆ ಎಣ್ಣೆ.

ಧಾನ್ಯದ ಹೊರಪದರ ತೆಗೆದರೆ ಏನಾಗುತ್ತದೆ ಎಂಬುದು ಲೋಕಕ್ಕೆ ತಿಳಿದು ನೂರು ವರ್ಷ ದಾಟಿದೆ. ಆಗ ಜಾವಾ ದ್ವೀಪದಲ್ಲಿ ಬೆರಿಬೆರಿ ಎಂಬ ಕಾಯಿಲೆ ಇತ್ತು. ಕಾಲು ಜೋಮು ಹಿಡಿದು ನಡಿಗೆ ನಿಲ್ಲುತ್ತಿತ್ತು, ಕೆಲವರಿಗೆ ಮೈ ಊದಿ ಎದೆ ನಿಲ್ಲುತ್ತಿತ್ತು. ಸೋಂಕೆಂದೇ ವೈದ್ಯರು ನಂಬಿದ್ದರು. 1890ರ ದಶಕದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರು ಪ್ರಯೋಗಕ್ಕೆ ಸಾಕಿದ್ದ ಕೋಳಿಗಳು ಆಸ್ಪತ್ರೆಯ ಬಿಳಿ ಅನ್ನ ತಿನ್ನುತ್ತಿದ್ದಾಗ ಕಾಲು ಸೋತು ಬಿದ್ದವು, ಪಾಲಿಷ್ ಮಾಡದ ಅಕ್ಕಿ ಹಾಕಿದಾಗ ಎದ್ದು ಓಡಾಡಿದವು. ಗಿರಣಿಯಲ್ಲಿ ಹೋಗುವ ತೌಡಿನಲ್ಲೇ ಜೀವಕ್ಕೆ ಬೇಕಾದ ಅಂಶವೊಂದು ಇದೆಯೆಂದು ಮುಂದೆ ಖಚಿತವಾಯಿತು. ಅದೇ ಬಿ1 ಜೀವಸತ್ವ. ಐಕ್ಮನ್ 1929ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ನಮ್ಮಲ್ಲೂ ಬೆರಿಬೆರಿಯ ವಿಚಾರಣೆಗೆಂದೇ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಅವರು ಒಂದು ಕೋಣೆಯಲ್ಲಿ ಪ್ರಯೋಗಶಾಲೆ ತೆರೆದರು. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಆ ಕೋಣೆಯಿಂದ ಬೆಳೆದದ್ದು.

ಇಲ್ಲೊಂದು ಮಾತು ಹೇಳಲೇಬೇಕು. ಹಸಿ ಭತ್ತವನ್ನು ಗಿರಣಿಗೆ ಹಾಕಿದ ಬಿಳಿ ಅಕ್ಕಿ ಉಣ್ಣುವ ಆಂಧ್ರದ ಕರಾವಳಿಯಲ್ಲಿ ಬೆರಿಬೆರಿ ಕಾಡಿದಂತೆ ಕುಚ್ಚಿಗೆ ಅಕ್ಕಿ ಉಣ್ಣುವ ಕಡೆ ಕಾಡಲಿಲ್ಲ. ಭತ್ತವನ್ನು ಬೇಯಿಸಿ ಒಣಗಿಸಿದಾಗ ತೌಡಿನ ಜೀವಸತ್ವ ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ. ನಮ್ಮ ದಕ್ಷಿಣ ಕನ್ನಡ, ಉಡುಪಿಯವರ ಗಂಜಿ ಊಟದ ಗುಟ್ಟು ಇದು. ಹಾಗೆಯೇ ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಅದರ ಕಬ್ಬಿಣ, ಸುಣ್ಣದ ಅಂಶಗಳು ಮೈಗೆ ಹೆಚ್ಚು ದಕ್ಕುತ್ತವೆ. ಇಡ್ಲಿ ಹಿಟ್ಟು ಹುಳಿ ಬರಿಸುವುದು, ಹಾಲಿಗೆ ಹೆಪ್ಪು ಹಾಕುವುದು, ಉಪ್ಪಿಗೆ ಅಯೋಡಿನ್ ಸೇರಿಸುವುದು ಎಲ್ಲವೂ ಸಂಸ್ಕರಣೆಯೇ. ಆದ್ದರಿಂದ ಸಂಸ್ಕರಿಸಿದ್ದೆಲ್ಲ ವಿಷ ಎಂದು ಕೂಗುವವರ ಗುಂಪಿಗೆ ಈ ಪುಟ ಸೇರದು. ಧಾನ್ಯದ ಸಾರ ಉಳಿಸುವ ಸಂಸ್ಕರಣೆ ಒಂದು, ಸಾರ ತೆಗೆದು ಸಕ್ಕರೆ, ಉಪ್ಪು, ಎಣ್ಣೆ, ಬಣ್ಣ, ವಾಸನೆ ತುಂಬುವುದು ಇನ್ನೊಂದು.

ರಾಗಿಯ ವಿಷಯದಲ್ಲೂ ಅತಿಯಾದ ಮಾತು ಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ, ಪಾಲಿಷ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಇದು ನಿಜ. ಆದರೆ ರಾಗಿ ಉಂಡವನಿಗೆ ಸಕ್ಕರೆ ಕಾಯಿಲೆ ಬರುವುದೇ ಇಲ್ಲವೆಂಬ ಪ್ರಚಾರ ನಂಬತಕ್ಕದ್ದಲ್ಲ. ಅದೇ ವೈದ್ಯಕೀಯ ಮಂಡಳಿಯ ಸಮೀಕ್ಷೆಯವರು ಜನರ ಊಟವನ್ನು ತೂಗಿ ನೋಡಿ 2025ರಲ್ಲಿ ಇನ್ನೊಂದು ವರದಿ ಹೊರಡಿಸಿದರು. ನಮ್ಮ ಜನ ತಮಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 62 ಪಾಲನ್ನು ಪಿಷ್ಟ, ಸಕ್ಕರೆಗಳಿಂದಲೇ ಪಡೆಯುತ್ತಾರಂತೆ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಬಂದರೂ ಪ್ರಮಾಣ ಅಷ್ಟೇ ಉಳಿದರೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗಿದ್ದು ಅವರಿಗೆ ಕಾಣಲಿಲ್ಲ. ತಗ್ಗಿದ್ದು ಯಾವಾಗ ಎಂದರೆ ಪಿಷ್ಟದ ಸ್ವಲ್ಪ ಪಾಲನ್ನು ಇಳಿಸಿ ಆ ಜಾಗಕ್ಕೆ ಕಾಳು, ಹಾಲು ಮೊಸರಿನಂಥ ಸಸಾರಜನಕದ ಪದಾರ್ಥ ಬಂದಾಗ.

ಇದನ್ನು ಓದಿದಾಗ ನಮಗೆ ಅಕ್ಕಡಿ ಸಾಲು ನೆನಪಾಯಿತು. ಮುದ್ದೆಯೊಂದೇ ಊಟವಲ್ಲ. ಮುದ್ದೆಯ ಜೊತೆ ಹುರುಳಿ ಸಾರು, ಅವರೆಕಾಳು, ಸೊಪ್ಪು, ಮಜ್ಜಿಗೆ ಇದ್ದಾಗ ಅದು ಊಟ. ಧಾನ್ಯದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕೊರತೆ, ಕಾಳಿನಲ್ಲಿ ಅದು ಧಾರಾಳ. ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ. ಎಂಟು ಸಾಲಿಗೆ ಒಂದು ಸಾಲು ಬಿಟ್ಟವರಿಗೆ ಈ ಹೆಸರು ಗೊತ್ತಿರಲಿಲ್ಲ, ಹೊಲದಲ್ಲಿದ್ದ ಅನುಪಾತ ಬಟ್ಟಲಿಗೂ ಬರುತ್ತಿತ್ತು. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಸೂಚಿ ಹೇಳುವುದೂ ಬೇರೆಯಲ್ಲ. ಸಾಧಾರಣ ಕೆಲಸ ಮಾಡುವವರಿಗೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಕಾಳು ಅಥವಾ ಮೊಟ್ಟೆ ಮಾಂಸ, ಸೊಪ್ಪು ಸೇರಿ 400 ಗ್ರಾಂ ತರಕಾರಿ. ನೇಗಿಲು ಹಿಡಿದು ದುಡಿಯುವವರಿಗೆ ಇದಕ್ಕಿಂತ ಹೆಚ್ಚು ಬೇಕು. ಆದರೆ ಟ್ರ್ಯಾಕ್ಟರು, ಮೋಟಾರು ಸೈಕಲ್ಲು ಬಂದ ಮೇಲೆ ನಾವು ಎಷ್ಟು ಮಂದಿ ಹಾಗೆ ದುಡಿಯುತ್ತಿದ್ದೇವೆ? ದುಡಿಮೆ ಇಳಿದರೂ ಮುದ್ದೆಯ ಗಾತ್ರ ಇಳಿದಿಲ್ಲ, ಅನ್ನದ ರಾಶಿ ಇಳಿದಿಲ್ಲ, ಸಾರಿನ ಕಾಳು ಮಾತ್ರ ಇಳಿದಿದೆ.

ಕಾಳು, ಸೊಪ್ಪು, ಎಣ್ಣೆಬೀಜ ಹೋದ ಜಾಗ ಖಾಲಿ ಉಳಿಯಲಿಲ್ಲ. ಅಲ್ಲಿಗೆ ಪೊಟ್ಟಣ ಬಂತು. ಬೆಳಿಗ್ಗೆ ಚಹಾದ ಜೊತೆ ಬಿಸ್ಕತ್ತು, ಶಾಲೆಗೆ ಹೋಗುವಾಗ ಚಿಪ್ಸು, ಅಮ್ಮ ಹೊಲದಿಂದ ಬರುವುದು ತಡವಾದರೆ ಎರಡು ನಿಮಿಷದ ಶಾವಿಗೆ, ನೆಂಟರು ಬಂದರೆ ಬಾಟಲಿಯ ಪಾನೀಯ. ಹಾಲು ಕರೆಯುವ ಮನೆಯಲ್ಲೂ ಇದೇ ಕಥೆ. ಬೆಳಗಿನ ಹಾಲೆಲ್ಲ ಡೈರಿಯ ಕ್ಯಾನಿಗೆ ಹೋಗುತ್ತದೆ, ಮಗುವಿಗೆ ಚಹಾ. 2013ರಲ್ಲಿ ಸರ್ಕಾರ ಕ್ಷೀರಭಾಗ್ಯ ಆರಂಭಿಸಿದ ಮೇಲೆ ಹಸು ಕಟ್ಟಿದವನ ಮಗು ಶಾಲೆಯಲ್ಲಿ ಪುಡಿಯಿಂದ ಮಾಡಿದ ಹಾಲು ಕುಡಿಯುವಂತಾಯಿತು. ಯೋಜನೆ ಒಳ್ಳೆಯದೇ. ಮನೆಯಲ್ಲಿ ಒಂದು ಲೋಟ ಹಾಲು ಮೊದಲು ತೆಗೆದಿಟ್ಟು ಉಳಿದದ್ದನ್ನು ಡೈರಿಗೆ ಹಾಕಲು ಯಾರ ಅಡ್ಡಿಯೂ ಇಲ್ಲವಲ್ಲ?

ಪೊಟ್ಟಣದ ತಿಂಡಿಯನ್ನು ಒಂದಕ್ಕೆ ನಿಲ್ಲಿಸಲು ಆಗುವುದಿಲ್ಲ ಎಂಬುದು ಮಕ್ಕಳ ಹಟವಷ್ಟೇ ಅಲ್ಲ. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 20 ಮಂದಿಯನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಮನೆಯ ರೀತಿಯ ಅಡಿಗೆ ಬಡಿಸಿದರು. ಎದುರಿಗಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸರಿಸಮ. ಬೇಕಾದಷ್ಟು ತಿನ್ನಬಹುದು. ಕಾರ್ಖಾನೆಯ ಆಹಾರ ತಿಂದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎಂದರೆ ಸುಮಾರು 150 ಗ್ರಾಂ ರಾಗಿಹಿಟ್ಟಿನ ಮುದ್ದೆಯಷ್ಟು ಹೆಚ್ಚು, ತಾವು ಹೆಚ್ಚು ತಿನ್ನುತ್ತಿದ್ದೇವೆಂಬ ಅರಿವಿಲ್ಲದೆ. ಎರಡೇ ವಾರದಲ್ಲಿ ಒಂದು ಕಿಲೋಗೆ ಸ್ವಲ್ಪ ಕಡಿಮೆ ತೂಕ ಏರಿತು. ಮನೆ ರೀತಿಯ ಅಡಿಗೆಯಲ್ಲಿ ಅಷ್ಟೇ ಇಳಿಯಿತು. ಮೆತ್ತಗೆ ಮಾಡಿದ, ಅಗಿಯುವ ಕೆಲಸವಿಲ್ಲದ ತಿಂಡಿ ಬೇಗ ಇಳಿಯುತ್ತದೆ, ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟುವುದರೊಳಗೆ ಪೊಟ್ಟಣ ಖಾಲಿ.

ಹಣದ ಲೆಕ್ಕವನ್ನೂ ಹಾಕಿ. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಕಿಲೋಗೆ 49 ರೂಪಾಯಿ ತುಂಬುವುದಿಲ್ಲ. 5 ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ ಬರೆದಿರುತ್ತದೆ, ನೋಡಿ. 50 ಗ್ರಾಂ ಎಂದಿದ್ದರೆ ಕಿಲೋಗೆ 100 ರೂಪಾಯಿ ಆಯಿತು, ಅದೂ ಮೈದಾ ಸಕ್ಕರೆಗೆ. 10 ರೂಪಾಯಿಯ ಚಿಪ್ಸಿನಲ್ಲಿ 25 ಗ್ರಾಂ ಇದ್ದರೆ ಕಿಲೋಗೆ 400. ಹಾಸನದ ಆಲೂಗೆಡ್ಡೆ ಬೆಳೆಗಾರರು ತಮ್ಮ ಮೂಟೆಯ ಬೆಲೆಯನ್ನು ಇದರ ಪಕ್ಕದಲ್ಲಿ ಬರೆದು ನೋಡಬೇಕು.

ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ? ರುಚಿ, ಜಾಹೀರಾತು ಎಲ್ಲ ಸರಿ. ಮುಖ್ಯ ಕಾರಣ ಗಂಡಸರು ಒಪ್ಪಿಕೊಳ್ಳದ ಒಂದು ಸಂಗತಿ. ಹಳೆಯ ಊಟವೆಲ್ಲ ಹೆಂಗಸರ ರಟ್ಟೆಯ ಮೇಲೆ ನಿಂತಿತ್ತು. ಬೀಸುವುದು, ಕುಟ್ಟುವುದು, ಸೊಪ್ಪು ಬಿಡಿಸುವುದು, ಅವರೆ ಹಿಸುಕುವುದು, ಸೌದೆ ಒಲೆಯ ಮುಂದೆ ಮುದ್ದೆ ತೊಳೆಸುವುದು. ನವಣೆ, ಸಾಮೆ, ಹಾರಕ ಹೊಲ ಬಿಟ್ಟದ್ದಕ್ಕೆ ಅವುಗಳ ಸಿಪ್ಪೆ ಬಿಡಿಸುವ ಕಷ್ಟವೂ ಕಾರಣ. ಈಗ ಅದೇ ಹೆಣ್ಣುಮಗಳು ಹೊಲದಲ್ಲೂ ದುಡಿಯುತ್ತಾಳೆ, ಡೈರಿಗೂ ಹೋಗುತ್ತಾಳೆ, ಸಂಘದ ಸಭೆಗೂ ಹೋಗುತ್ತಾಳೆ. ಅವಳಿಗೆ ಪೊಟ್ಟಣ ಒಂದು ಗಂಟೆಯ ಬಿಡುವು. ಹಿಂದಿನ ಕಾಲವೇ ಚೆಂದ ಎಂದು ಕಟ್ಟೆಯ ಮೇಲೆ ಕುಳಿತು ಭಾಷಣ ಮಾಡುವವರು ಎದ್ದುಹೋಗಿ ಸೊಪ್ಪು ಬಿಡಿಸಲಿ. ಊರಿನ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಸಿರಿಧಾನ್ಯದ ಸಿಪ್ಪೆ ತೆಗೆಯುವ ಚಿಕ್ಕ ಯಂತ್ರ ಒಂದನ್ನು ಸಹಕಾರ ಸಂಘದಿಂದ ಹಾಕಿಸಿದರೆ ನೂರು ಭಾಷಣಕ್ಕಿಂತ ಮೇಲು.

ಪೊಟ್ಟಣ ಕೊಳ್ಳುವುದೇ ಆದರೆ ಓದಿ ಕೊಳ್ಳಿ. ಒಳಗಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂದು ಕಾನೂನಿದೆ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ ಎಂದಿದ್ದರೆ ಮೇಲೆ ರಾಗಿ ತೆನೆಯ ಚಿತ್ರ ಎಷ್ಟು ದೊಡ್ಡದಿದ್ದರೂ ಅದು ರಾಗಿ ಬಿಸ್ಕತ್ತಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಇಂಥ ಚಿತ್ರಗಳು ಬಹಳವಾಗಿವೆ. ಸೋಡಿಯಂ ಎಂದು ಬರೆದ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಒಂದು ಚಹಾ ಚಮಚದಷ್ಟು. ನಮ್ಮ ಉಪ್ಪಿನಕಾಯಿ, ಹಪ್ಪಳ, ಉಪ್ಪುಮೆಣಸಿನಕಾಯಿಗಳೂ ಈ ಲೆಕ್ಕದಿಂದ ಹೊರಗಿಲ್ಲ.

ಓದಿ ಎಂದೆವು. ಓದುವುದು ಯಾವ ಭಾಷೆಯಲ್ಲಿ? ಆಹಾರದ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕೆಂದು ನಿಯಮ. ಕನ್ನಡ ಇದ್ದರೆ ಇರಬಹುದು, ಇಲ್ಲದಿದ್ದರೆ ತಪ್ಪಿಲ್ಲ. ಕನ್ನಡ ಮಾತ್ರ ಬಲ್ಲ ತಾಯಿ ತನ್ನ ಮಗುವಿಗೆ ಏನು ಕೊಡುತ್ತಿದ್ದೇನೆಂದು ತಿಳಿಯುವ ದಾರಿ ಯಾವುದು? ನೀವು ಹೊಲಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದೆ. ಅಕ್ಷರ ಬಾರದವನೂ ಬಣ್ಣ ನೋಡಿ ವಿಷದ ಉಗ್ರತೆ ತಿಳಿಯುತ್ತಾನೆ. ಗಿಡಕ್ಕೆ ಹೊಡೆಯುವುದಕ್ಕೆ ಇರುವ ಎಚ್ಚರಿಕೆ ಮಗು ತಿನ್ನುವುದಕ್ಕೆ ಏಕೆ ಬೇಡ? ದಕ್ಷಿಣ ಅಮೆರಿಕದ ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಖದ ಮೇಲೆ ಎಂಟು ಮೂಲೆಯ ಕಪ್ಪು ಗುರುತು ಹಾಕಿಸಿತು. ಆಮೇಲೆ ಅಲ್ಲಿ ಸಿಹಿ ಪಾನೀಯಗಳ ಕೊಳ್ಳುವಿಕೆ ಸುಮಾರು ಕಾಲುಭಾಗ ಇಳಿಯಿತು. ಪೊಟ್ಟಣದ ಮುಂದೆ ಕಣ್ಣಿಗೆ ಕಾಣುವ ಗುರುತು, ಹಿಂದೆ ಕನ್ನಡದಲ್ಲಿ ವಿವರ, ಈ ಎರಡನ್ನು ನಮ್ಮ ಶಾಸಕರೂ ಸಂಸದರೂ ಕೇಳಿ ಪಡೆಯಬೇಕು. ಮತ ಕೇಳಲು ಬಂದಾಗ ನೀವು ಅವರನ್ನು ಕೇಳಬೇಕು.

ಒಂದು ಕಾನೂನು ಮಾತ್ರ ಈಗಾಗಲೇ ಇದೆ, ಯಾರೂ ಬಳಸುತ್ತಿಲ್ಲ. 2020ರ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಒಳಗಾಗಲಿ, ಶಾಲೆಯ ಗೇಟಿನಿಂದ 50 ಮೀಟರಿನೊಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ನಿಮ್ಮೂರ ಶಾಲೆಯ ಮುಂದೆ ಸರಸರವಾಗಿ ನೇತುಬಿದ್ದ ಪೊಟ್ಟಣಗಳನ್ನು ನೋಡಿ. ಅಂಗಡಿಯಾತ ನಮ್ಮವನೇ, ಅವನ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ. ಹುರಿಗಡಲೆ, ಕಡಲೆಕಾಯಿ, ಬಾಳೆಹಣ್ಣು, ಸೀಬೆ, ಕಡಲೆಮಿಠಾಯಿ ಮಾರಲಿ. ಕಡಲೆಮಿಠಾಯಿಯಲ್ಲೂ ಬೆಲ್ಲವಿದೆ, ಬೆಲ್ಲವೂ ಸಕ್ಕರೆಯೇ, ಆದರೆ ಜೊತೆಗೆ ಕಡಲೆಕಾಯಿಯಾದರೂ ಇದೆ. ಶಾಲಾಭಿವೃದ್ಧಿ ಸಮಿತಿಯೂ ಗ್ರಾಮ ಪಂಚಾಯತಿಯೂ ಕುಳಿತು ಮಾತಾಡಿದರೆ ಒಂದು ಸಂಜೆಯ ಕೆಲಸ.

ಹೊಲದಲ್ಲಿ ಮಾಡಬೇಕಾದದ್ದನ್ನು ಹೇಳಿ ಮುಗಿಸುತ್ತೇವೆ. ಇಡೀ ಹೊಲ ಬದಲಿಸಿ ಎಂದು ನಾವು ಹೇಳುವುದಿಲ್ಲ. ಮನೆಯ ಊಟಕ್ಕೆಂದು ಅರ್ಧ ಎಕರೆ ಬೇರೆ ತೆಗೆದಿಡಿ. ಅದಕ್ಕೆ ಕಳೆನಾಶಕ ಬೇಡ, ಯಂತ್ರದ ಕಟಾವೂ ಬೇಡ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಥವಾ ಎಂಟರಿಂದ ಹತ್ತು ಸಾಲಿಗೆ ಎರಡು ಸಾಲು ತೊಗರಿ ಎಂಬುದು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು ಕೂಡ. ಅಂಚಿಗೆ ಹುಚ್ಚೆಳ್ಳು ಚೆಲ್ಲಿ, ಹೂವಿಗೆ ಜೇನು ಬಂದರೆ ಪಕ್ಕದ ಬೆಳೆಗೂ ಲಾಭ. ಉತ್ತರದವರು ಹಿಂಗಾರಿ ಜೋಳದ ನಡುವೆ ಕಡಲೆ, ಕುಸುಬೆ ಬಿಡಿ. ಸುಗ್ಗಿಯಾದ ಮೇಲೆ ಮನೆಮಂದಿಗೆ ವರ್ಷಕ್ಕೆ ಬೇಕಾದ ಧಾನ್ಯ, ಕಾಳನ್ನು ಮೊದಲು ಅಳೆದು ಒಳಗಿಡಿ, ಆಮೇಲೆ ಮಂಡಿಗೆ ಮೂಟೆ ಕಟ್ಟಿ. ಕಾಳಿಗೆ ಹುಳು ಬೀಳದಂತೆ ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಡಬ್ಬಿಯ ಬಾಯಿ ಬಿಗಿಯಿರಿ.

ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಕರಿಬೇವು, ಎರಡು ಹೆಜ್ಜೆ ಜಾಗದಲ್ಲಿ ದಂಟು, ಮೆಂತ್ಯ. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿದರೆ ಅದರ ಕಬ್ಬಿಣ ಮೈಗೆ ಹಿಡಿಯುತ್ತದೆ, ಊಟದ ಹಿಂದೆಯೇ ಚಹಾ ಕುಡಿದರೆ ಹಿಡಿಯುವುದಿಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಆರೋಗ್ಯ ಕೇಂದ್ರದ ಮಾತ್ರೆ ಬಿಡದೆ ನುಂಗಬೇಕು, ಸಕ್ಕರೆ ಕಾಯಿಲೆಯವರು ಊಟ ಬದಲಿಸಿದೆವೆಂದು ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬಾರದು. ಮೂವತ್ತು ದಾಟಿದವರು ಉಪಕೇಂದ್ರದಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ವರ್ಷಕ್ಕೊಮ್ಮೆ ರಕ್ತ, ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ.

ನಿಮ್ಮ ಸೀಮೆಯಲ್ಲಿ ಅಕ್ಕಡಿಗೆ ಯಾವ ಯಾವ ಬೀಜ ಬಿಡುತ್ತಿದ್ದರು, ಎಷ್ಟು ಸಾಲಿಗೊಂದು, ಹುಚ್ಚೆಳ್ಳು ಗುರೆಳ್ಳುಗಳ ನಾಟಿ ಬೀಜ ಈಗಲೂ ಯಾರ ಮನೆಯಲ್ಲಿದೆ ಎಂಬುದನ್ನು ಊರಿನ ಹಿರಿಯರನ್ನು ಕೇಳಿ ಕಾರ್ಡಿನಲ್ಲಿ ಬರೆದು ಕಳುಹಿಸಿ. ಮುಂಗಾರಿಗೆ ಮೊದಲೇ ಬಂದವನ್ನು ಜಿಲ್ಲಾವಾರು ಪಟ್ಟಿ ಮಾಡಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.